ಕನ್ನಡಿಗೆಂದು ಉಜ್ಜಿದ ಬೆಸುಗೆ

ಕ್ರೇಡ್ಲಿ ಹೀತ್ ಊರಿನಲ್ಲಿ ಐವರ್ ರೇಬೋಲ್ಡನ ಬೆಸುಗೆಯಷ್ಟು ಅಂದಗೆಟ್ಟ ಬೆಸುಗೆ ಇನ್ನೊಬ್ಬರದಿರಲಿಲ್ಲ. ಎರಡು ಉಕ್ಕಿನ ಕೊಳವೆ ಕೂಡುವ ಕಡೆ ಅವನು ಹಾಕುತ್ತಿದ್ದ ಗೆರೆ ಹೆಬ್ಬೆರಳಿನ ಗಾತ್ರಕ್ಕೆ ಉಬ್ಬಿಕೊಂಡು, ಕಪ್ಪು ಬಣ್ಣ ಬಳಿದ ಮೇಲೂ ಹತ್ತು ಮಾರು ದೂರದಿಂದ ಎದ್ದು ಕಾಣುತ್ತಿತ್ತು. ಗಿರಾಕಿ ಯಾರಾದರೂ ಬಾಯಿ ತಪ್ಪಿ, "ಸ್ವಲ್ಪ ಗ್ರೈಂಡರ್ ಹೊಡೆದು ನೈಸ್ ಮಾಡಿಕೊಡಿ ಯಜಮಾನ್ರೇ" ಅಂದರೆ ಮುಗಿಯಿತು, ಮನುಷ್ಯ ಕೆಂಡವಾಗುತ್ತಿದ್ದ.

"ನೈಸ್ ಬೇಕಾದ್ರೆ ಹೋಗಿ ಟೀ ಬಸಿ ತಗೊಳ್ರಿ! ಇದು ಚಾಸಿ. ನಿಮ್ಮನ್ನೂ ನಿಮ್ಮ ಹೆಂಡ್ತೀನೂ ಹೊತ್ಕೊಂಡು ಓಡಬೇಕಾದ್ದು. ಬೇಕಾದ್ರೆ ತಗೊಳ್ಳಿ, ಬೇಡ ಅಂದ್ರೆ ಬಾಗಿಲು ಅಲ್ಲಿದೆ."

ಎಷ್ಟೋ ಜನ ಬಾಗಿಲನ್ನೇ ಹಿಡಿದರು. ಆದರೂ ಕಾಲುವೆ ಪಕ್ಕದ ಅವನ ಶೆಡ್ಡಿಗೆ ಕೆಲಸ ತಪ್ಪಲಿಲ್ಲ. ದೊಡ್ಡ ಬಂಗಲೆಯವರಿಗೆ ಮಾತ್ರ ದಕ್ಕುವ ಹಳೇ ಕಾಲದ ರೇಸು ಕಾರಿನ ಪ್ರತಿರೂಪವನ್ನು ತಮ್ಮ ಹಿತ್ತಿಲಲ್ಲಿ ತಾವೇ ಕಟ್ಟಿಕೊಳ್ಳುವ ಹುಚ್ಚರು ಆ ಸೀಮೆಯಲ್ಲಿ ಬೀದಿಗೆ ಇಬ್ಬರಂತೆ ಇದ್ದರು. ಫೈಬರಿನ ಮೈ ಒಂದು ಕಡೆಯಿಂದ ತರುವುದು, ಎಂಜಿನ್ನು ಅಚ್ಚು ಸ್ಟೇರಿಂಗುಗಳನ್ನು ಗುಜರಿ ಕಾರಿನಿಂದ ಕೀಳುವುದು, ಎಲ್ಲವನ್ನೂ ಹೊರುವ ಚಾಸಿಯನ್ನು ಐವರನ ಹತ್ತಿರ ಕಟ್ಟಿಸುವುದು. ಆಮೇಲೆ ಹೆಂಡತಿಯ ಬೈಗುಳ ಕೇಳಿಕೊಂಡು ಐದಾರು ವರ್ಷ ಶನಿವಾರ ಭಾನುವಾರವೆಲ್ಲ ಅದರ ಅಡಿಯಲ್ಲಿ ಮಲಗುವುದು. ಇದು ಅವರ ಸುಖ. ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಬಿಡಿ.

ಹಳಬರು ಮಾತ್ರ ಹೇಳುತ್ತಿದ್ದರು: ಐವರ್ ಮೊದಲು ಹೀಗಿರಲಿಲ್ಲ. ಒಂದು ಕಾಲದಲ್ಲಿ ಅವನ ಕೈ ಬೆಸುಗೆ ಎಲ್ಲಿದೆಯೆಂದು ಹುಡುಕಬೇಕಿತ್ತು, ಅಷ್ಟು ನಯ. ಗೆಳೆಯ ರೆಗ್ ಸತ್ತ ಮೇಲೆ ತಲೆ ಕೆಟ್ಟಿತು ಪಾಪ, ಎನ್ನುತ್ತಿದ್ದರು. ಅರ್ಧ ನಿಜ. ಉಳಿದ ಅರ್ಧ ಐವರನ ಹೊಟ್ಟೆಯೊಳಗೆ ಹನ್ನೆರಡು ವರ್ಷದಿಂದ ಕೂತಿತ್ತು.

ರೆಗ್ ಫಾಕ್ಸಾಲ್ ಹಂದಿಮಾಂಸದ ಅಂಗಡಿಯವನು. ಹೈಸ್ಟ್ರೀಟಿನ ತಿರುವಿನಲ್ಲಿ ಅಂಗಡಿ. ಅವನ ಹೆಂಡತಿ ಡೋರೀನ್ ಹಂದಿಯ ಲಿವರ್ ಅರೆದು ಮಾಡುವ ಈಲಿಯುಂಡೆಗೆ ಶನಿವಾರ ಬೆಳಿಗ್ಗೆ ಬಾಗಿಲ ಹೊರಗೂ ಸರದಿ ನಿಲ್ಲುತ್ತಿತ್ತು. ರೆಗ್ ಇಷ್ಟಗಲದ ಮನುಷ್ಯ, ಮಗುವಿನ ಬುದ್ಧಿ. ಅವನಿಗೆ ಕಾರು ಓಡಿಸುವುದಕ್ಕಿಂತ ತೋರಿಸುವುದರ ಹುಚ್ಚು. ಹೀಗೆ ಕಾರು ಕಟ್ಟುವವರ ಕ್ಲಬ್ಬಿನ ಪ್ರದರ್ಶನದ ದಿನ ಇವರ ಪದ್ಧತಿ ಏನೆಂದರೆ, ಕಾರಿನ ಹೊಟ್ಟೆಯಡಿ ನೆಲಕ್ಕೆ ಉದ್ದನೆಯ ಕನ್ನಡಿ ಹಾಸುವುದು. ಬಂದವರು ಬಗ್ಗಿ ನೋಡಿದರೆ ಚಾಸಿಯ ತಳವೆಲ್ಲ ಕಾಣಬೇಕು. ತೀರ್ಪು ಕೊಡುವವರು ಬಿಳಿ ಕೈಗವಸು ಹಾಕಿಕೊಂಡು ಬರುತ್ತಿದ್ದರು. ರೆಗ್‌ಗೆ ಆ ವರ್ಷದ ಬೆಳ್ಳಿ ಫಲಕ ಬೇಕೇಬೇಕಾಗಿತ್ತು.

"ಲೋ ಐವರ್, ಕನ್ನಡೀಲಿ ನೋಡಿದ್ರೆ ಇಡೀ ಚಾಸಿ ಒಂದೇ ಉಕ್ಕಿನಲ್ಲಿ ಎರಕ ಹುಯ್ದಂಗಿರ್ಬೇಕು. ಬೆಸುಗೆ ಅನ್ನೋದೇ ಕಾಣಬಾರ್ದು" ಅಂದಿದ್ದ.

ರೆಗ್ ಕಣ್ಣು ಮುಚ್ಚಿಕೊಂಡು ಕೊಳವೆಯ ಮೇಲೆ ಹೆಬ್ಬೆರಳು ಆಡಿಸುವನು. ಬೆರಳಿಗೆ ಕೂಡು ಸಿಕ್ಕಿದರೆ ತಲೆ ಅಲ್ಲಾಡಿಸುವನು. "ಸಿಕ್ತು. ಇನ್ನೊಂಚೂರು ಉಜ್ಜೋ." ಐವರ್ ಉಜ್ಜಿದ. ಮತ್ತೆ ಬೆರಳು. ಮತ್ತೆ ಉಜ್ಜಿದ. ಇಬ್ಬರೂ ನಗುತ್ತ, ಟೀ ಕುಡಿಯುತ್ತ, ಮೂರು ವಾರ. ಎಲ್ಲಿ ಸಣ್ಣ ಗುಂಡಿ ಉಳಿಯಿತೋ ಅಲ್ಲಿ ಪುಟ್ಟಿ ತುಂಬಿ, ಮೇಲೆ ಕಪ್ಪು ಬಣ್ಣ. ಬೆಸುಗೆಯ ಜೀವ ಇರುವುದೇ ಆ ಉಬ್ಬಿನಲ್ಲಿ. ಉಬ್ಬನ್ನು ತೆಗೆದರೆ ಎರಡು ಕೊಳವೆ ಬರೀ ತುದಿ ತಾಗಿಸಿ ನಿಂತಂತೆ. ಅದು ಐವರನಿಗೆ ಗೊತ್ತಿರಲಿಲ್ಲವೇ? ಅವನ ಅಜ್ಜಿ ಹಿತ್ತಿಲ ಕುಲುಮೆಯಲ್ಲಿ ಹಡಗಿನ ಸರಪಳಿ ಬಡಿದವಳು. ಆ ಊರಿನಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿತ್ತು, ಗೊತ್ತಿದ್ದೂ ಉಜ್ಜಿದ. ಕನ್ನಡಿಯೊಳಗೆ ತನ್ನ ಕೈಕೆಲಸ ನೋಡಿ ಊರು ಬಾಯಿ ಬಿಡಬೇಕೆಂಬ ಆಸೆ ಅವನಿಗೂ ಇತ್ತು.

ಬಾಯಿ ಬಿಟ್ಟರು ಕೂಡ. ಫಲಕ ಬಂತು. ಅದೇ ತರಹದ್ದು ಬೇಕೆಂದು ಇನ್ನಿಬ್ಬರು ಕೇಳಿದರು, ಅವರಿಗೂ ಉಜ್ಜಿಕೊಟ್ಟ. ಮಾರನೇ ವರ್ಷ ಒಂದು ಮಳೆಯ ಭಾನುವಾರ ಕ್ಲೆಂಟ್ ಗುಡ್ಡದ ತಿರುವಿನಲ್ಲಿ ರೆಗ್‌ನ ಕಾರು ರಸ್ತೆ ಬಿಟ್ಟು ಓಕ್ ಮರಕ್ಕೆ ಬಡಿಯಿತು. ನೋಡಿದವರು ಯಾರೂ ಇರಲಿಲ್ಲ.

ಐವರ್ ಆ ಅವಶೇಷ ನೋಡಿದ್ದ. ಮುಂದಿನ ಅಡ್ಡ ಕೊಳವೆ ಉದ್ದದ ಕೊಳವೆಯಿಂದ ಚಾಕು ಹಾಕಿ ಕೊಯ್ದ ಹಾಗೆ ಬೇರೆಯಾಗಿತ್ತು. ಏಟಿಗೆ ಹರಿದ ಉಕ್ಕು ಹಾಗಿರುವುದಿಲ್ಲ. ವಿಚಾರಣೆಯ ದಿನ, ಚಾಸಿ ಕಟ್ಟಿದವನೆಂದು ಅವನನ್ನು ಕರೆದು ನಿಲ್ಲಿಸಿದರು. ಬೆಸುಗೆ ಗಟ್ಟಿಯಾಗಿತ್ತೇ ಎಂದು ಕೇಳಿದರು. ಎದುರು ಬೆಂಚಿನಲ್ಲಿ ಡೋರೀನ್ ಕರಿ ಕೋಟಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಹನ್ನೆರಡು ವರ್ಷದ ಮಗಳು ಬೆವರ್ಲಿ.

"ಗಟ್ಟಿಯಾಗಿತ್ತು ಸಾರ್" ಅಂದ ಐವರ್. "ಮರಕ್ಕೆ ಬಡಿದ ಏಟಿಗೆ ಕಿತ್ಕೊಂಡಿದೆ."

ಒದ್ದೆ ರಸ್ತೆ, ಎಂಟು ಸಿಲಿಂಡರಿನ ಎಂಜಿನ್ನು, ಮಿತಿಮೀರಿದ ವೇಗ ಎಂದು ಬರೆದು ಕಡತ ಮುಚ್ಚಿದರು. ಸತ್ತವನು ಎದ್ದು ಬಂದು ಇಲ್ಲ ಅನ್ನುವ ಹಾಗಿರಲಿಲ್ಲ.

ಅನ್ನಲಿಲ್ಲ, ಸರಿ. ಆದರೆ ಬಂದ. ಮೊದಲ ಸಲ ಬಂದದ್ದು ಮಣ್ಣು ಮಾಡಿದ ಎಂಟನೇ ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ, ಟೀ ಹೊತ್ತಿಗೆ. ಐವರ್ ವೆಲ್ಡಿಂಗ್ ಮುಖವಾಡ ಎತ್ತಿ ನೋಡಿದರೆ ಕೆಲಸದ ಕಟ್ಟೆಯ ಆಚೆ ರೆಗ್ ನಿಂತಿದ್ದಾನೆ, ಅಂಗಡಿಯ ಪಟ್ಟೆಪಟ್ಟೆ ಏಪ್ರನ್ನಿನಲ್ಲಿ, ಕಣ್ಣು ಮುಚ್ಚಿಕೊಂಡು ಹೊಸ ಚಾಸಿಯ ಮೇಲೆ ಹೆಬ್ಬೆರಳು ಆಡಿಸುತ್ತ. ಹಗಲಿನ ಬೆಳಕು ಢಾಳಾಗಿತ್ತು, ರೇಡಿಯೋ ಹಾಡುತ್ತಿತ್ತು. ರೆಗ್ ಸಿಟ್ಟು ಮಾಡಿಕೊಂಡಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬೆರಳಿಗೆ ಕೂಡು ಸಿಕ್ಕಿದ್ದಕ್ಕೆ ಸ್ವಲ್ಪ ಬೇಸರ, ಅಷ್ಟೇ. ಇನ್ನೊಂಚೂರು ಉಜ್ಜು ಎನ್ನುವಂತೆ ತಲೆ ಅಲ್ಲಾಡಿಸಿದ. ಅಂದಿನಿಂದ ಐವರನ ಬೆಸುಗೆ ದಪ್ಪವಾಗುತ್ತ ಹೋಯಿತು. ಎಷ್ಟು ದಪ್ಪ ಹಾಕಿದರೂ ನಾಲ್ಕು ಗಂಟೆಗೆ ಅವನು ಬಂದು ಬೆರಳಾಡಿಸುವುದು ತಪ್ಪಲಿಲ್ಲ.

ಉಜ್ಜಿಕೊಟ್ಟಿದ್ದ ಇನ್ನೆರಡು ಚಾಸಿಗಳಲ್ಲಿ ಒಂದನ್ನು ಐವರ್ ಹುಡುಕಿ ವಾಪಸು ತಂದು ಮೊಳದುದ್ದದ ತುಂಡುಗಳಾಗಿ ಕೊಯ್ದು ಹಾಕಿದ. ಇನ್ನೊಂದನ್ನು ಕೊಂಡವನು ಊರು ಬಿಟ್ಟಿದ್ದ. ಯಾರನ್ನು ಕೇಳಿದರೂ ಆಸ್ಟ್ರೇಲಿಯಕ್ಕೆ ಹೋದ, ಚಾಸಿಯೂ ಹೋಗಿರಬೇಕು ಅಂದರು. ಐವರ್ ಪ್ರತಿ ಭಾನುವಾರ ಕ್ಲಬ್ಬಿನ ಸಂತೆಗೆ ಹೋಗಿ ಕಪ್ಪು ಬಣ್ಣದ ಹಳೇ ಚಾಸಿಗಳನ್ನೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದ. ಜನ ನಗುತ್ತಿದ್ದರು. "ಏನ್ ಐವರಣ್ಣ, ಮದ್ವೆ ಉಂಗುರ ಬೀಳಿಸ್ಕೊಂಡ್ಯಾ?"

ಬೆವರ್ಲಿ ಅವನ ಕಣ್ಣೆದುರಿಗೇ ಬೆಳೆದಳು. ಸೈಕಲ್ಲು ರಿಪೇರಿ ಮಾಡಿಕೊಟ್ಟವನು ಅವನು, ಹದಿನಾರಕ್ಕೆ ಕೈಗೆ ವೆಲ್ಡಿಂಗ್ ಹಿಡಿಕೆ ಕೊಟ್ಟವನು ಅವನು. ಅವನಿಗೂ ಹೆಂಡತಿ ಮೇವಿಸಳಿಗೂ ಮಕ್ಕಳಿರಲಿಲ್ಲ. ಈಗ ಅವಳಿಗೆ ಇಪ್ಪತ್ನಾಲ್ಕು, ಬಸ್ ಡಿಪೋದಲ್ಲಿ ಫಿಟ್ಟರ್. ಅಪ್ಪನ ಅಗಲ, ಅಮ್ಮನ ಬಾಯಿ. ಅವಳು ಮಾಮ ಎಂದು ಕರೆದಾಗಲೆಲ್ಲ ಐವರನಿಗೆ ಸುಖವಾಗುತ್ತಿತ್ತು, ಆದರೆ ಅವಳ ಮುಖ ನೋಡದೆ ಕೆಲಸಕ್ಕೆ ಬಗ್ಗುತ್ತಿದ್ದ.

ಮೇ ತಿಂಗಳ ಒಂದು ಸೋಮವಾರ ಶೆಡ್ಡಿಗೆ ಬಂದವಳೇ ಕಟ್ಟೆ ಹತ್ತಿ ಕೂತಳು.

"ಮಾಮ, ಅಪ್ಪನ ಎಂಜಿನ್ ಅಂಗಡಿ ಹಿಂದಿನ ಕೋಣೇಲಿ ಕಂಬಳಿ ಹೊದ್ಕೊಂಡು ಮಲಗಿದೆಯಲ್ಲ, ಅದನ್ನ ಎಬ್ಬಿಸ್ತೀನಿ. ಅಪ್ಪನ ಕಾರು ಮತ್ತೆ ಕಟ್ತೀನಿ."

ಐವರ್ ವೆಲ್ಡಿಂಗ್ ಹಿಡಿಕೆ ಕೆಳಗಿಟ್ಟ. "ನಿಮ್ಮಮ್ಮ ಏನಂತಾಳೆ?"

"ಅಮ್ಮನಿಗೆ ಇನ್ನೂ ಹೇಳಿಲ್ಲ. ಅದು ಬಿಡಿ. ಚಾಸಿ ಯಾವುದು ತಗೋಬೇಕು ಅಂತ ನಾಲ್ಕು ತಿಂಗಳಿಂದ ತಲೆ ಕೆಡಿಸ್ಕೊಂಡಿದೀನಿ. ಸಣ್ಣ ಸಣ್ಣ ಕೊಳವೆ ಹೆಣೆದಿರೋದು ನೋಡಿದೆ. ಹಗುರ, ಆದ್ರೆ ಕಾಲಿಡೋಕೆ ಜಾಗ ಇಲ್ಲ, ಒಂದು ಕೊಳವೆ ಸೊಟ್ಟ ಆದ್ರೆ ಪಕ್ಕದ ನಾಲ್ಕೂ ಸೊಟ್ಟ. ಮಡಚಿದ ತಗಡಿಂದು ನೋಡಿದೆ. ಒಳಗೆ ನೀರು ನಿಂತ್ಕೊಂಡು ತುಕ್ಕು ತಿನ್ನುತ್ತೆ, ಹೊರಗೆ ಗೊತ್ತೂ ಆಗಲ್ಲ. ಕೊನೆಗೆ ನಿಮ್ಮ ಏಣಿ ಥರದ್ದೇ ಸರಿ ಅನ್ನಿಸ್ತು. ಎರಡು ದಪ್ಪ ಕೊಳವೆ ಉದ್ದಕ್ಕೆ, ನಾಲ್ಕು ಅಡ್ಡಕ್ಕೆ."

"ಅಷ್ಟೇ ತಾನೆ!" ಐವರನಿಗೆ ಹೋದ ಜೀವ ಬಂದಂತಾಯಿತು. "ಕೊಳವೆ ನಾಳೇನೇ ತರಿಸ್ತೀನಿ ಮಗಾ. ನಿನಗೆ ಅಂತ ನಾಲ್ಕು ಮಿಲಿ ದಪ್ಪದ್ದೇ ಹಾಕ್ತೀನಿ. ಆನೆ ಕೂತ್ರೂ ಬಗ್ಗಬಾರ್ದು."

"ಇಲ್ಲ ಮಾಮ, ಹೊಸದು ಬೇಡ." ಅವಳು ಕಣ್ಣರಳಿಸಿ ನಕ್ಕಳು. "ನಿಮ್ಮದೇ ಹಳೇದು ಸಿಕ್ಕಿದೆ! ಅಪ್ಪನದ್ದರ ಜೊತೇದು. ಕಿಡರ್‌ಮಿನ್‌ಸ್ಟರ್‌ನಲ್ಲಿ ವಿಲ್ಲೆಟ್ಸ್ ಅನ್ನೋ ತಾತನ ಗ್ಯಾರೇಜಲ್ಲಿ, ಹನ್ನೆರಡು ವರ್ಷದಿಂದ ಗೋಡೆಗೆ ಒರಗಿಸಿಟ್ಟಿದ್ದಾನೆ. ಚಕ್ರಾನೂ ಕಂಡಿಲ್ಲ. ಬೆಸುಗೆ ಹುಡುಕಿದ್ರೂ ಸಿಗಲ್ಲ. ನಿಮ್ಮ ಕೈ ಅಂತ ನೋಡಿದ ತಕ್ಷಣ ಗೊತ್ತಾಯ್ತು. ನೀವು ಬಂದು ಒಂದ್ಸಲ ಹೂಂ ಅನ್ನಿ, ಸಾಕು."

"ಬುಧವಾರ ಹೋಗಿ ನೋಡೋಣ" ಅಂದ ಐವರ್. ಕಟ್ಟೆಯ ಆಚೆ ಗಡಿಯಾರ ನಾಲ್ಕು ತೋರಿಸುತ್ತಿತ್ತು. ಆ ಕಡೆ ತಿರುಗುವ ಧೈರ್ಯವಾಗಲಿಲ್ಲ.

ಬುಧವಾರ ಇಬ್ಬರೂ ಹೋದರು. ಆಲ್ಬರ್ಟ್ ವಿಲ್ಲೆಟ್ಸ್ ನಿವೃತ್ತ ಬಸ್ ಕಂಡಕ್ಟರ್, ಕಂಡವರ ಜೊತೆ ಮಾತಾಡಲಿಕ್ಕೆಂದೇ ಗೇಟಿನ ಬಳಿ ನಿಲ್ಲುವ ಪೈಕಿ.

"ಬನ್ನಿ ಬನ್ನಿ! ಆಸ್ಟ್ರೇಲಿಯಕ್ಕೆ ಹೋದ ಪುಣ್ಯಾತ್ಮ ಕೊಟ್ಟು ಹೋದ. ನಾನೂ ಒಂದಿನ ಕಟ್ತೀನಿ ಅಂದ್ಕೊಂಡೆ. ನಮ್ಮೋಳು, ಕಾರೋ ನಾನೋ ಒಂದು ಇಟ್ಕೋ ಅಂದ್ಲು. ಮೂವತ್ತು ವರ್ಷದ ಸಂಸಾರ, ಹಂಗೆಲ್ಲ ಆತುರದಲ್ಲಿ ತೀರ್ಮಾನ ಮಾಡಕ್ಕಾಗುತ್ತಾ? ಇನ್ನೂ ಯೋಚ್ನೆ ಮಾಡ್ತಾನೇ ಇದೀನಿ."

ಒಳಗಿನಿಂದ ಅವನ ಹೆಂಡತಿ, "ಬೇಗ ಮಾಡು, ನಂಗೂ ಬೇರೆ ಕೆಲ್ಸ ಇದೆ" ಎಂದು ಕೂಗಿದಳು.

ಗ್ಯಾರೇಜಿನ ಗೋಡೆಗೆ ಚಾಸಿ ಒರಗಿತ್ತು. ಅದರ ಮೇಲೆ ಮುದುಕನ ಅಂಗಿ ಬನಿಯನ್ನುಗಳು ಒಣಗುತ್ತಿದ್ದವು. ವಿಲ್ಲೆಟ್ಸ್ ಅವನ್ನು ಎಳೆದು ತೆಗೆದ. ಐವರ್ ಹನ್ನೆರಡು ವರ್ಷ ಸಂತೆ ಸಂತೆ ಹುಡುಕಿದ್ದು ಇಲ್ಲಿ ಬಟ್ಟೆ ಒಣಗಿಸುತ್ತ ನಿಂತಿತ್ತು. ಅಂದವಾಗಿತ್ತು, ಅದನ್ನು ಹೇಳಲೇಬೇಕು. ಅಷ್ಟು ಚಂದದ ಕೆಲಸ ಅವನು ಜೀವಮಾನದಲ್ಲಿ ಇನ್ನೊಂದು ಮಾಡಿರಲಿಲ್ಲ.

ಬೆವರ್ಲಿ ಹತ್ತಿರ ಹೋಗಿ ಕಣ್ಣು ಮುಚ್ಚಿ ಕೊಳವೆಯ ಮೇಲೆ ಹೆಬ್ಬೆರಳು ಆಡಿಸಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಅವಳ ಪಕ್ಕದಲ್ಲಿ ಪಟ್ಟೆ ಏಪ್ರನ್ನಿನ ರೆಗ್ ನಿಂತಿದ್ದ. ಶೆಡ್ಡಿನ ಹೊರಗೆ ಅವನು ಕಾಣಿಸಿದ್ದು ಅದೇ ಮೊದಲು. ಅವನ ಬೆರಳೂ ಅವಳ ಬೆರಳ ಹಿಂದೆಯೇ ಹರಿಯುತ್ತಿತ್ತು. ಎಲ್ಲಿಯೂ ನಿಲ್ಲಲಿಲ್ಲ. ಅವನು ಕಣ್ಣು ತೆರೆದು, ಮಗಳನ್ನು ನೋಡಿ, ಐವರನನ್ನು ನೋಡಿ, ಹೆಮ್ಮೆಯಿಂದ ನಕ್ಕ.

"ಇದೇ ಮಾಮ. ಇದೇ ಬೇಕು" ಅಂದಳು ಬೆವರ್ಲಿ.

"ಬೇಡ ಕಣಮ್ಮ. ತುಕ್ಕು ಹಿಡಿದಿರುತ್ತೆ."

"ಟಾರ್ಚ್ ಬಿಟ್ಟು ಒಳಗೆಲ್ಲ ನೋಡಿದೀನಿ. ಚುಕ್ಕೆ ತುಕ್ಕಿಲ್ಲ."

"ಚಕ್ರದ ಅಳತೆ ಕೂಡಲ್ಲ."

"ನಾಲ್ಕು ಮೂಲೆಗೂ ಟೇಪ್ ಹಿಡಿದೆ, ಮೂಲೆಯಿಂದ ಮೂಲೆಗೂ ಹಿಡಿದೆ. ಕೂದಲೆಳೆ ವ್ಯತ್ಯಾಸ ಇಲ್ಲ. ನೀವೇ ಕಲಿಸಿದ್ದು."

"ಹಳೇ ಉಕ್ಕು, ಬೆವ್..."

"ಉಕ್ಕಿಗೆ ವಯಸ್ಸಾಗುತ್ತಾ ಮಾಮ? ಏನಾಗಿದೆ ನಿಮಗೆ ಇವತ್ತು?"

ಐವರ್ ತುಟಿ ಒದ್ದೆ ಮಾಡಿಕೊಂಡ. "ಸರಿ. ತಗೋ. ಆದ್ರೆ ಮೊದ್ಲು ನನ್ನ ಹತ್ರ ತಾ. ಪ್ರತಿ ಕೂಡಿನ ಮೇಲೂ ಇನ್ನೊಂದು ಗೆರೆ ಹಾಕ್ಕೊಡ್ತೀನಿ, ಮೂಲೆಗೊಂದು ಪಟ್ಟಿ ಕೊಡ್ತೀನಿ."

ಅವಳು ಹೊಡೆಸಿಕೊಂಡವಳ ಹಾಗೆ ಹಿಂದೆ ಸರಿದಳು. "ಇದರ ಮೇಲಾ? ನಿಮ್ಮ ಆ ಬಾವು ಬಂದಿರೋ ಬೆಸುಗೇನಾ? ಮಾಮ, ಬೇಜಾರು ಮಾಡ್ಕೋಬೇಡಿ. ಅಪ್ಪನ ಬಗ್ಗೆ ಊರಲ್ಲಿ ಒಂದೇ ಒಂದು ಒಳ್ಳೆ ಮಾತು ಉಳಿದಿರೋದು ಏನು ಗೊತ್ತಾ? ಕನ್ನಡೀಲಿ ರೆಗ್‌ನ ಚಾಸಿ ನೋಡ್ಬೇಕಿತ್ತು ಅನ್ನೋದು. ಇದನ್ನ ಹಿಂಗೇ ಕನ್ನಡಿ ಮೇಲೆ ನಿಲ್ಲಿಸ್ತೀನಿ. ಒಂದು ಕಿಡೀನೂ ತಾಗಿಸಲ್ಲ."

ವಿಲ್ಲೆಟ್ಸ್ ಚಾಸಿಯನ್ನು ಅವಳಿಗೇ ಕೊಡುವುದೆಂದು ಮಾತು ಕೊಟ್ಟ. ಮಾರನೇ ದಿನ ಐವರ್ ಒಬ್ಬನೇ ಮತ್ತೆ ಹೋಗಿ, ನನಗೆ ಕೊಡು ಅಂದ. ಅವಳಿಗಿಂತ ಹೆಚ್ಚು ಕೊಡುತ್ತೇನೆ ಅಂದ. ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಆ ಹುಡುಗಿ ನಿಮ್ಮನ್ನ ಮಾಮ ಅಂತಾಳೆ. ನಾಚ್ಕೆ ಆಗಲ್ವೇನ್ರಿ?" ಅಂದು ಗೇಟು ಹಾಕಿಕೊಂಡ.

ಹಾಗೆ ಸುಲಭದ ದಾರಿಯೆಲ್ಲ ಮುಗಿದವು. ಉಳಿದದ್ದು ಎರಡೇ. ಬಾಯಿ ಮುಚ್ಚಿಕೊಂಡಿದ್ದರೆ ರೆಗ್‌ನ ಮಗಳು ರೆಗ್‌ನ ಹಾಗೇ ಒಂದು ದಿನ ಯಾವುದೋ ತಿರುವಿನಲ್ಲಿ ಹೋಗುತ್ತಾಳೆ. ಬಾಯಿ ಬಿಟ್ಟರೆ ಅವಳು ಉಳಿಯುತ್ತಾಳೆ, ಇವನ ಪಾಲಿಗೆ ಇಲ್ಲವಾಗುತ್ತಾಳೆ. ಲೆಕ್ಕ ಹಾಕಿದರೆ ಇದರಲ್ಲಿ ಯೋಚಿಸುವುದೇನೂ ಇಲ್ಲ. ಆದರೂ ಮನುಷ್ಯ ಶುಕ್ರವಾರವೆಲ್ಲ ಯೋಚಿಸಿದ. ಛೀ, ಎಂದು ನಮಗೆ ಅನ್ನಿಸಬಹುದು. ಹನ್ನೆರಡು ವರ್ಷದ ಸುಳ್ಳನ್ನು ಹೊತ್ತವನ ಬೆನ್ನು ನಮ್ಮದಲ್ಲವಲ್ಲ.

ಅಂದು ನಾಲ್ಕು ಗಂಟೆಗೆ ರೆಗ್ ಬಂದಾಗ ಐವರ್ ಮೊದಲ ಸಲ ಅವನ ಜೊತೆ ಜೋರಾಗಿ ಮಾತಾಡಿದ. "ಹೋಗೋ! ನಿನ್ನ ಮಗಳಿಗೆ ನೀನೇ ಹೇಳ್ಬಾರ್ದೇನೋ? ಅವಳ ಪಕ್ಕದಲ್ಲಿ ನಿಂತ್ಕೊಂಡು ಹಲ್ಲು ಕಿಸೀತೀಯಲ್ಲೋ, ಅವಳು ಸಾಯ್ತಾಳೋ!" ರೆಗ್ ಕೇಳಿಸಿಕೊಂಡಂತೆ ಕಾಣಲಿಲ್ಲ. ಕೊಳವೆಯ ಮೇಲೆ ಬೆರಳಾಡಿಸುತ್ತ ನಿಂತಿದ್ದ. ಅವನಿಗೆ ಗೊತ್ತೇ ಇಲ್ಲ ಎಂದು ಐವರನಿಗೆ ಆಗ ಹೊಳೆಯಿತು. ತಾನು ಯಾಕೆ ಸತ್ತೆ ಎಂದು ರೆಗ್‌ಗೆ ಇವತ್ತಿಗೂ ಯಾರೂ ಹೇಳಿಲ್ಲ. ಐವರ್ ಶೆಡ್ಡಿನ ನೆಲದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಮನೆಯಲ್ಲಿ ಮೇವಿಸ್ ಅವನ ಮುಂದಿನ ತಟ್ಟೆಯನ್ನು ನೋಡಿದಳು. ಬಟಾಣಿ, ಮಾಂಸ, ಎಲ್ಲ ಹಾಗೇ ಆರಿತ್ತು.

"ಏನು ಅಂತ ನಂಗೊತ್ತಿಲ್ಲ" ಅಂದಳು. "ಹನ್ನೆರಡು ವರ್ಷದಿಂದ ನಾನು ಕೇಳೂ ಇಲ್ಲ, ನೀನು ಹೇಳೂ ಇಲ್ಲ. ಯಾರಿಗೆ ಹೇಳ್ಬೇಕೋ ಅವರಿಗೆ ಹೇಳಿ ಬಾರಪ್ಪ. ಆಮೇಲೆ ಬಂದು ಊಟ ಮಾಡು."

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬೆವರ್ಲಿ ಡಿಪೋದ ವ್ಯಾನಿನಲ್ಲಿ ಚಾಸಿ ತಂದಳು. ಎಂಜಿನ್ನು ಕೂರಿಸುವ ಅಳತೆ ತೆಗೆಯಲು. ಅದನ್ನು ಶೆಡ್ಡಿನ ನಡುವೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಇಟ್ಟು, ಕೈ ಒರೆಸಿಕೊಂಡು, "ಈಗ ಒಪ್ಕೊಳ್ಳಿ ಮಾಮ, ಚಂದ ಇದೆ ತಾನೆ?" ಅಂದಳು.

"ಚಂದ ಇದೆ" ಅಂದ ಐವರ್. ಮೂಲೆಯಿಂದ ದೊಡ್ಡ ಸುತ್ತಿಗೆ ತಂದು ಅವಳ ಕೈಗೆ ಕೊಟ್ಟ. ಮುಂದಿನ ಅಡ್ಡ ಕೊಳವೆ ಉದ್ದದ ಕೊಳವೆಗೆ ಸೇರುವ ಜಾಗದ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಮಾಡಿದ. "ಇಲ್ಲಿ ಹೊಡಿ."

"ಹುಚ್ಚಾ ನಿಮಗೆ?"

"ಹೊಡಿ ಬೆವ್. ಗಟ್ಟಿ ಇದ್ರೆ ಬಣ್ಣ ಹೋಗುತ್ತೆ, ಅಷ್ಟೇ. ನಾನೇ ಮತ್ತೆ ಬಳೀತೀನಿ. ಮೂರು ಏಟು ಹೊಡಿ. ಆಮೇಲೆ ನಿನ್ನಿಷ್ಟ, ಇನ್ನೊಂದು ಮಾತಾಡಲ್ಲ."

ಅವಳು ಅವನ ಮುಖ ನೋಡಿದಳು. ನೋಡಿ, ಏನು ಕಂಡಳೋ, ಸುತ್ತಿಗೆ ಎತ್ತಿ ಹೊಡೆದಳು. ಮೊದಲ ಏಟಿಗೆ ಬಣ್ಣ ಸಿಡಿಯಿತು, ಬಣ್ಣದ ಕೆಳಗೆ ಬೂದು ಪುಟ್ಟಿ ಕಂಡಿತು. ಎರಡನೇ ಏಟಿಗೆ ಪುಟ್ಟಿ ಉದುರಿತು. ಮೂರನೆಯದಕ್ಕೆ ಕೂಡಿನ ಸುತ್ತ ಕಪ್ಪನೆಯ ಗೀರು ಬಾಯಿ ಬಿಟ್ಟಿತು. ಅವಳು ಕೇಳದೆ ನಾಲ್ಕನೇ ಏಟು ಹೊಡೆದಳು. ಅಡ್ಡ ಕೊಳವೆ ಒಂದು ಕಡೆ ಕಳಚಿ ಜೋತುಬಿತ್ತು. ಮುರಿದ ಬಾಯಿ ಚಾಕು ಹಾಕಿ ಕೊಯ್ದಷ್ಟು ಶುದ್ಧವಾಗಿತ್ತು.

"ನಿಮ್ಮಪ್ಪನ ಕಾರಿಂದೂ ಇದೇ ಜಾಗ" ಅಂದ ಐವರ್. "ಬೆಸುಗೆ ಕಾಣಬಾರ್ದು ಅಂತ ಉಜ್ಜಿದೆ. ಕನ್ನಡಿಗೋಸ್ಕರ. ಅವನು ಕೇಳ್ದ, ನಿಜ, ಆದ್ರೆ ಅವನಿಗೇನು ಗೊತ್ತು, ಮಾಂಸ ಮಾರೋನು. ನನಗೆ ಗೊತ್ತಿತ್ತು. ವಿಚಾರಣೇಲಿ ಕೇಳಿದ್ರು, ಗಟ್ಟಿ ಇತ್ತು ಅಂದೆ. ಗಟ್ಟಿ ಇರ್ಲಿಲ್ಲ. ನಾನೇ ಕೊಂದೆ ಬೆವ್. ಮರಕ್ಕೆ ಬಡಿಯೋಕೆ ಮುಂಚೇನೇ ಮುರಿದಿತ್ತು."

ಬೆವರ್ಲಿ ಸುತ್ತಿಗೆ ಬಿಡಲಿಲ್ಲ. ಅದರಿಂದ ತನಗೇ ಹೊಡೆಯುತ್ತಾಳೆಂದು ಐವರನಿಗೆ ಅನ್ನಿಸಿತು, ಹೊಡೆಯಲಿ ಎಂದೂ ಅನ್ನಿಸಿತು. ಅವಳು ಬಗ್ಗಿ ಆ ಮುರಿದ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಬಂದ ದನಿ ಹನ್ನೆರಡು ವರ್ಷದ ಹುಡುಗಿಯದಾಗಿತ್ತು.

"ಹಂಗಾದ್ರೆ ಅಪ್ಪ ಜೋರಾಗಿ ಓಡಿಸ್ತಿರ್ಲಿಲ್ವಾ?"

"ರೆಗ್ಗಾ? ನೀರಿನ ಗುಂಡಿ ಕಂಡ್ರೆ ಇಳಿದು ತಳ್ಳಿಕೊಂಡು ಹೋಗೋ ಮನುಷ್ಯ ಅವನು. ಒಂದು ಕಲ್ಲು ಸಿಡಿದು ಬಣ್ಣ ಹೋದ್ರೆ ವಾರ ಊಟ ಬಿಡ್ತಿದ್ದ. ಮಳೇಲಿ ಗಂಟೆಗೆ ಮೂವತ್ತು ಮೈಲಿ ದಾಟಿರಲ್ಲ."

"ಅವತ್ತು ಬೆಳಿಗ್ಗೆ ಅಮ್ಮ ಜಗಳ ಆಡಿದ್ಲು" ಅಂದಳು ಬೆವರ್ಲಿ. "ನಿಮಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಭಾನುವಾರನೂ ಆ ದರಿದ್ರದ ಕಾರೇನಾ, ಹೋಗು, ಅದರಲ್ಲೇ ಸಾಯಿ ಅಂದಿದ್ಲು. ಅಪ್ಪ ಬಾಗಿಲು ಧಡ್ ಅಂತ ಹಾಕ್ಕೊಂಡು ಹೋದ. ವೇಗ ಅಂತ ವಿಚಾರಣೇಲಿ ಅವರು ಓದಿ ಹೇಳಿದ್ರಲ್ಲ, ಆವಾಗಿಂದ ಅಮ್ಮನಿಗೆ, ನನ್ನ ಮೇಲಿನ ಸಿಟ್ಟಿಗೆ ಓಡಿಸಿ ಸತ್ತ, ನಾನೇ ಸಾಯಿಸ್ದೆ ಅಂತ... ಹನ್ನೆರಡು ವರ್ಷ ಮಾಮ. ಅಪ್ಪನ ಹೆಸರು ಎತ್ತಲ್ಲ. ಒಂದ್ಸಲನೂ ಸಮಾಧಿಗೆ ಹೋಗಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತಾಳೆ."

ಐವರ್ ಇಷ್ಟು ವರ್ಷ ತನ್ನೊಬ್ಬನ ಶೆಡ್ಡಿನಲ್ಲಿ ಮಾತ್ರ ಸತ್ತವನು ಬರುತ್ತಾನೆಂದು ತಿಳಿದಿದ್ದ. ನಾನೂರು ಮಾರು ಆಚೆ, ಅದೇ ಹೊತ್ತಿನಲ್ಲಿ, ಡೋರೀನ್ ಈಲಿಯುಂಡೆ ಕಟ್ಟುತ್ತ ಏನನ್ನು ನೋಡುತ್ತಿದ್ದಳೋ. ಅವಳ ಅಂಗಡಿಯಿಂದ ವಾರವಾರವೂ ಉಂಡೆ ತಂದು ತಿಂದಿದ್ದ. ಚೆನ್ನಾಗಿದೆ ಡೋರೀನ್, ಅಂದಿದ್ದ.

"ನಡೀರಿ" ಅಂದಳು ಬೆವರ್ಲಿ.

"ಈಗಲಾ? ಶನಿವಾರ ಕಣೇ, ಅಂಗಡಿ ತುಂಬ ಜನ ಇರ್ತಾರೆ. ಮಧ್ಯಾಹ್ನ ಬಾಗಿಲು ಹಾಕಿದ್ಮೇಲೆ..."

"ವೇಗ ಅಂತ ಅವರು ಊರೆಲ್ಲರ ಎದುರಿಗೇ ಓದಿದ್ರು. ನಡೀರಿ."

ಮಾಮ ಅನ್ನಲಿಲ್ಲ ಅವಳು. ಐವರ್ ಚರ್ಮದ ಏಪ್ರನ್ನನ್ನೂ ಬಿಚ್ಚದೆ ಅವಳ ಹಿಂದೆ ನಡೆದ. ಕಾಲುವೆಯ ದಂಡೆ, ಸೇತುವೆ, ಹೈಸ್ಟ್ರೀಟಿನ ಏರು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಅಂಗಡಿಯ ಹೊರಗೆ ಹತ್ತು ಹನ್ನೆರಡು ಜನರ ಸರದಿ ಇತ್ತು. "ಓಯ್ ಐವರ್, ಸರದೀಲಿ ಬಾರಪ್ಪ" ಎಂದು ಯಾರೋ ರೇಗಿಸಿದರು. ಅವನ ಮುಖ ನೋಡಿ ದಾರಿ ಬಿಟ್ಟರು.

ಡೋರೀನ್ ಮೇಜಿನ ಆಚೆ ಮಾಂಸ ಕೊಯ್ಯುತ್ತಿದ್ದಳು. ತಲೆ ಎತ್ತಿ, "ಏನ್ ಐವರ್, ಇವತ್ತು ಉಂಡೆ ಆರಾ, ಎಂಟಾ?" ಅಂದಳು. ಆಮೇಲೆ ಮಗಳ ಮುಖ ನೋಡಿದಳು, ಚಾಕು ನಿಂತಿತು.

ಐವರ್ ಬರುವಾಗ ದಾರಿಯುದ್ದಕ್ಕೂ ಎಲ್ಲಿಂದ ಶುರು ಮಾಡಲಿ ಎಂದು ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. ಉಜ್ಜಿದ್ದು, ಪುಟ್ಟಿ, ಸುಳ್ಳು ಸಾಕ್ಷಿ, ಅದೆಲ್ಲ ಆಮೇಲೆ ಹೇಳಬಹುದು, ಹೇಳಲೇಬೇಕು. ಅವಳಿಗೆ ಮೊದಲು ಸಲ್ಲಬೇಕಾದದ್ದು ಬೇರೆ.

"ಡೋರೀನ್" ಅಂದ, "ಅವತ್ತು ರೆಗ್ ಜೋರಾಗಿ ಓಡಿಸ್ತಿರ್ಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಸಾಯ್ಲಿಲ್ಲ ಅವನು. ಚಾಸಿ ಮುರೀತು. ನಾನು ಕಟ್ಟಿದ ಚಾಸಿ."

ಡೋರೀನ್ ಚಾಕು ಕೆಳಗಿಟ್ಟು, ಎರಡು ಕೈಯನ್ನೂ ಮೇಜಿಗೆ ಊರಿ ನಿಂತಳು.

"ಇನ್ನೊಂದ್ಸಲ ಹೇಳು" ಅಂದಳು.

ಐವರ್ ಇನ್ನೊಂದು ಸಲ ಹೇಳಿದ, ಈ ಸಲ ಬಾಗಿಲ ಹೊರಗೆ ಸರದಿಯಲ್ಲಿ ನಿಂತವರಿಗೂ ಕೇಳುವ ಹಾಗೆ.